ಮುಲ್ಲಾನ ಚೂರಿ ಹಿಡಿಯಲು ಊರಿಗೆ ಹೋದದ್ದು

ಗುರುವಾರ ಬೆಳಿಗ್ಗೆ ಗುಲ್ಬರ್ಗಾ ಸ್ಟೇಷನ್ನಿನಲ್ಲಿ ವಾಡಿಯ ಪ್ಯಾಸೆಂಜರ್ ಹತ್ತಿದೆ. ಕೈಯಲ್ಲಿ ಒಂದು ಚೀಲ, ಚೀಲದಲ್ಲಿ ಅಬ್ಬಾನಿಗೆ ಕೊಂಡ ಉಣ್ಣೆಯ ಶಾಲು, ಅಂಗಿಯ ಜೇಬಿನಲ್ಲಿ ಅಬ್ಬಾ ಯಾರಿಂದಲೋ ಬರೆಸಿ ಕಳಿಸಿದ ಅಂಚೆ ಕಾರ್ಡು. ಶಾಲೆಗೆ ಐದು ದಿನ ರಜೆ ಹಾಕಿದ್ದೆ. ಹೆಡ್‌ಮಾಸ್ತರರು ಕಾರಣ ಕೇಳಿದಾಗ ತಂದೆಗೆ ಲಕ್ವಾ ಹೊಡೆದಿದೆ ಎಂದೆ. ಅದು ಸುಳ್ಳಲ್ಲ, ಆದರೆ ಪೂರ್ತಿ ನಿಜವನ್ನು ಹೆಡ್‌ಮಾಸ್ತರರಿಗೆ ಹೇಳುವಂತಿರಲಿಲ್ಲ. ಕಾರ್ಡಿನಲ್ಲಿದ್ದದ್ದು ಮೂರೇ ಮಾತು: ಬಲಗೈ ಬಿದ್ದುಹೋಗಿದೆ, ಮಾಳಪ್ಪನ ಮನೆಯ ಕುರಿ ಈ ಭಾನುವಾರ, ನೀನು ಬಂದು ಚೂರಿ ಹಿಡಿ.

ನಮ್ಮೂರು ಕಂಗ್ಟಿಯ ಹತ್ತಿರ, ಬೀದರ ಗಡಿಗೆ ಅಂಟಿಕೊಂಡಿದೆ. ರಾಜ್ಯಗಳನ್ನು ಭಾಷೆ ನೋಡಿ ಹಂಚಿದಾಗ ಊರು ಆಂಧ್ರಕ್ಕೆ ಹೋಯಿತು. ಕನ್ನಡ ಓದಿದ್ದ ನಾನು ಗುಲ್ಬರ್ಗಾಕ್ಕೆ ಬಂದು ಕನ್ನಡ ಮಾಸ್ತರನಾದೆ. ನಮ್ಮದು ಮುಲ್ಲಾನ ಮನೆ. ಊರಲ್ಲಿ ಯಾರ ಮನೆಯಲ್ಲಿ ಕುರಿ ಕೊಯ್ಯುವುದಿದ್ದರೂ ಚೂರಿ ನಮ್ಮ ಮನೆಯದೇ. ಕುರಿ ಸಾಕುವ ಹಾಲುಮತದವರು, ಒಕ್ಕಲುತನದವರು ಯಾರೂ ತಮ್ಮ ದೇವರಿಗೆ ಹರಕೆ ಹೊತ್ತ ಕುರಿಯನ್ನು ಸಹ ತಾವಾಗಿ ಕೊಯ್ಯುವುದಿಲ್ಲ. ಮುಲ್ಲಾ ಬಂದು ಅಲ್ಲಾನ ಹೆಸರು ಹೇಳಿ ಕೊಯ್ದ ಮೇಲೇ ಒಲೆ ಹೊತ್ತಿಸುವುದು. ಹಾಗೆ ಕೊಯ್ದ ಕುರಿಯನ್ನು ಊರಿನ ನಾಲ್ಕು ಸಾಬರ ಮನೆಯವರೂ ಅದೇ ಪಂಕ್ತಿಯಲ್ಲಿ ಕೂತು ಉಣ್ಣಬಹುದು. ಇದು ಯಾವ ಕಾಲದಿಂದ ಬಂದದ್ದೋ ಯಾರಿಗೂ ಗೊತ್ತಿಲ್ಲ.

ತೊಡಕು ಇದ್ದದ್ದು ಒಂದೇ. ಆ ಹೆಸರು ಹೇಳುವವನು ಆ ಹೆಸರನ್ನು ನಂಬಿರಬೇಕು. ನಾನು ನಂಬುವುದನ್ನು ಬಿಟ್ಟು ಆರು ವರ್ಷವಾಗಿತ್ತು.

ಹೇಗೆ ಬಿಟ್ಟೆ ಎಂದು ಕೇಳಿದರೆ ಹೇಳಿಕೊಳ್ಳುವಂಥ ಕಥೆಯೇನೂ ಇಲ್ಲ. ಯಾರೊಂದಿಗೂ ಜಗಳವಾಗಲಿಲ್ಲ, ಯಾರ ಮೇಲೂ ಸಿಟ್ಟಿರಲಿಲ್ಲ. ಒಂದು ಸಂಜೆ ನಮಾಜಿನಲ್ಲಿ ಹಣೆ ಊರಿದ್ದಾಗ, ನಾನು ಯಾರೊಂದಿಗೂ ಮಾತಾಡುತ್ತಿಲ್ಲ ಎನ್ನಿಸಿತು. ಎದ್ದೆ, ಚಾಪೆ ಸುತ್ತಿಟ್ಟೆ. ಮರುದಿನವೂ ಹಾಗೇ ಅನ್ನಿಸಿತು. ತಿಂಗಳುಗಟ್ಟಲೆ ಪ್ರಯತ್ನಪಟ್ಟೆ, ಬರಲಿಲ್ಲ. ವಿಷಯ ಗೊತ್ತಿದ್ದ ಇಬ್ಬರು ಜತೆಗಾರ ಹಿಂದೂ ಮಾಸ್ತರರು ‘ಹಾಗಾದರೆ ಇನ್ನು ನಮ್ಮ ಕಡೆಯವನಾದೆ’ ಎಂದು ಬೆನ್ನು ತಟ್ಟಿದರು. ನನಗೆ ಮೈಯೆಲ್ಲ ಉರಿಯಿತು. ಒಂದು ಮನೆ ಬಿಟ್ಟವನು ಮರುದಿನವೇ ಪಕ್ಕದ ಮನೆಗೆ ನುಗ್ಗಬೇಕೆಂದು ಎಲ್ಲಿ ಬರೆದಿದೆ?

ವಾಡಿಯಲ್ಲಿ ಗಾಡಿ ಬದಲಿಸಿ, ಸೇಡಂ ದಾಟಿ ತಾಂಡೂರು ಮುಟ್ಟುವಾಗ ಮಧ್ಯಾಹ್ನ ಮೂರು. ತೊಗರಿಯ ಸುಗ್ಗಿ. ಸ್ಟೇಷನ್ನಿನಿಂದ ಪೇಟೆಯ ತನಕ ಚೀಲ ಹೇರಿದ ಬಂಡಿಗಳ ಸಾಲು. ಅಕ್ಕ ಹುಸೇನಬೀಯ ಮನೆ ಊರಾಚೆ, ನೆಲಕ್ಕೆ ಹಾಸುವ ಪರಸಿ ಕಲ್ಲಿನ ಗಣಿಗಳ ಕಡೆ. ಭಾವ ಅಲ್ಲಿ ಕಲ್ಲು ಸೀಳುತ್ತಾನೆ. ಆ ಓಣಿಯಲ್ಲಿ ಮರದೆಲೆಯ ಮೇಲೂ ಬಿಳಿ ಧೂಳು. ನಡೆದು ಹೋಗುವಷ್ಟರಲ್ಲಿ ನನ್ನ ಕಾಲು ಮೊಳಕಾಲಿನವರೆಗೆ ಬೂದಿ ಬಳಿದಂತಾಯಿತು.

ಅಕ್ಕ ಜೋಳದ ರೊಟ್ಟಿ, ಹಸಿ ತೊಗರಿಕಾಳಿನ ಪಲ್ಯ ಬಡಿಸಿದಳು. ನಮ್ಮ ಮನೆಮಾತು ದಖನಿ. ಆದರೆ ಅರ್ಧಕ್ಕರ್ಧ ಕನ್ನಡವೇ ಬೆರೆತಿರುವುದರಿಂದ ಇಲ್ಲಿ ಊರ ಕನ್ನಡದಲ್ಲೇ ಬರೆಯುತ್ತೇನೆ. ಊಟ ಮುಗಿದ ಮೇಲೆ ಅವಳಿಗೆ ಎಲ್ಲ ಹೇಳಿದೆ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ.

“ನನಗ ಗೊತ್ತದ,” ಎಂದಳು. “ಹೋದ ರಂಜಾನಿಗಿ ಬಂದಾಗ ನೀ ನೀರು ಕುಡಿದಿದ್ದು ನೋಡೀನಿ.”

“ಹಂಗಾದ್ರ ಅಬ್ಬಾಗ ಏನು ಹೇಳ್ಲಿ?”

“ಏನೂ ಹೇಳಬ್ಯಾಡ. ಎರಡು ಮಾತು ಬಾಯಿಲೆ ಅನ್ನು, ಕೊಯ್ದು ಬಾ. ಒಂದು ಕುರಿ ಸಲುವಾಗಿ ಮುದುಕನ ಎದಿ ಒಡೀಬ್ಯಾಡ.”

“ಆ ಕೂಳು ಊರೆಲ್ಲ ಉಣ್ತದ ಅಕ್ಕಾ.”

ಅವಳು ಮೊರವನ್ನು ಬದಿಗಿಟ್ಟು ಒಳಗೆ ಹೋದಳು.

ಶುಕ್ರವಾರ ಬೆಳಿಗ್ಗೆ ಬಸ್ಸಿಗೆ ಹೊರಟಾಗ ಹುಸೇನಬೀ ಹಸಿರು ಬಟ್ಟೆಯ ಚೂರಿನಲ್ಲಿ ನಾಲ್ಕಾಣೆ ಸುತ್ತಿ ನನ್ನ ಬಲತೋಳಿಗೆ ಕಟ್ಟಿದಳು. ಇದಕ್ಕೆ ಇಮಾಮ ಜಾಮಿನ್ ಎನ್ನುತ್ತಾರೆ. ಪ್ರಯಾಣ ಹೊರಟವನಿಗೆ ಮನೆಯವರು ಕಟ್ಟುವುದು. ಸುಖವಾಗಿ ಮುಟ್ಟಿದ ಮೇಲೆ ಬಿಚ್ಚಿ ಬಡವರಿಗೆ ಕೊಟ್ಟುಬಿಡಬೇಕು. ಊರಿನಿಂದ ಮರಳುವಾಗ ಕಟ್ಟುವವನು ಅಬ್ಬಾ. ನಾನು ಬೀದರಕ್ಕೆ ಓದಲು ಹೊರಟ ದಿನದಿಂದ ಒಮ್ಮೆಯೂ ತಪ್ಪಿಸಿರಲಿಲ್ಲ. ನಂಬಿಕೆ ಹೋದ ಮೇಲೂ ನಾನು ತೋಳು ಚಾಚುತ್ತಲೇ ಇದ್ದೆ. ಬೇಡವೆನ್ನಲು ಧೈರ್ಯವೂ ಇರಲಿಲ್ಲ, ಕಾರಣವೂ ಇರಲಿಲ್ಲ.

ತಾಂಡೂರಿನಿಂದ ಜಹೀರಾಬಾದಿಗೆ ಬಸ್ಸು ಮೂರು ತಾಸು ತೆಗೆದುಕೊಂಡಿತು. ಕೆಂಪು ಮಣ್ಣು, ಕಬ್ಬಿನ ತುಣುಕು ಹೊಲಗಳು, ನಡುನಡುವೆ ಕರಿ ಮಡ್ಡಿ ನೆಲ. ಜಹೀರಾಬಾದಿನ ಬಸ್‌ಸ್ಟಾಂಡಿನಲ್ಲಿ ನಾರಾಯಣಖೇಡದ ಬಸ್ಸಿಗೆ ಎರಡು ತಾಸು ಕಾಯಬೇಕಿತ್ತು. ಪಕ್ಕದಲ್ಲಿ ಒಬ್ಬ ವಯಸ್ಸಾದ ಗೃಹಸ್ಥ ಟ್ರಂಕಿನ ಮೇಲೆ ಕೂತಿದ್ದ. ಕಲ್ಹೇರಿನಲ್ಲಿ ಬಟ್ಟೆ ಹೊಲಿಯುವವನಂತೆ. ನನ್ನ ಹೆಸರು ಕೇಳಿದ, ಖಾಸಿಂ ಎಂದೆ. ಮುಲ್ಲಾಸಾಬರ ಮಗ ಎಂದು ತಿಳಿದಾಗ ಅವನ ಮುಖ ಅರಳಿತು.

“ನಿಮ್ಮ ಅಬ್ಬಾ ನನಗ ಚಂದ ಗೊತ್ತರಿ. ಜುಮ್ಮಾದ ಹೊತ್ತಾತು. ನೀವು ಮೊದ್ಲು ನಮಾಜ್ ಮಾಡಿ ಬರ್ರಿ, ನಾ ಸಾಮಾನು ನೋಡ್ಕೋತೀನಿ. ಆಮ್ಯಾಲೆ ಆ ಸಣ್ಣ ಮಸೀದಿಗಿ ನಾ ಹೋಗ್ತೀನಿ, ಅಲ್ಲಿ ತಡಾ ಮಾಡ್ತಾರ.”

ಇಲ್ಲವೆನ್ನಲು ಬಾಯಿ ಬರಲಿಲ್ಲ. ಎದ್ದು ಹೋದೆ. ಮಸೀದಿಯ ಬಾಗಿಲ ಮುಂದೆ ಚಪ್ಪಲಿಗಳ ರಾಶಿ. ಅದನ್ನು ದಾಟಿ ತರಕಾರಿ ಮಾರ್ಕೆಟ್ಟಿನ ಹಿಂದೆ ಅರ್ಧ ತಾಸು ಸುಮ್ಮನೆ ಸುತ್ತಿದೆ. ಕಬ್ಬಿನ ಹಾಲು ಕುಡಿಯೋಣವೆಂದರೆ ಯಾರಾದರೂ ನೋಡಿಯಾರು ಎಂದು ಹೆದರಿಕೆ. ನಲವತ್ತರ ಹತ್ತಿರದ ಗಂಡಸು, ಮಕ್ಕಳಿಗೆ ಸತ್ಯದ ಪಾಠ ಮಾಡುವವನು, ಶಾಲೆ ತಪ್ಪಿಸಿದ ಹುಡುಗನಂತೆ ಮರೆಯಲ್ಲಿ ನಿಂತಿದ್ದೆ. ಕೊನೆಗೆ ನಲ್ಲಿಯಲ್ಲಿ ಮುಖ ತೊಳೆದೆ, ಮೊಳಕೈವರೆಗೆ ಕೈ ತೊಳೆದೆ, ತಲೆಗೆ ಒದ್ದೆ ಕೈ ಸವರಿಕೊಂಡೆ. ನೀರು ಒರೆಸಿಕೊಳ್ಳದೆ ಹಾಗೆಯೇ ಬಂದೆ.

ಆತ ನನ್ನ ಮುಖ ನೋಡಿ ನಕ್ಕ. ಆಮೇಲೆ ಅವನ ಕಣ್ಣು ಕೆಳಗಿಳಿಯಿತು. ನಾನೂ ನೋಡಿದೆ. ನನ್ನ ಪಾದಗಳ ಮೇಲೆ ತಾಂಡೂರಿನ ಬಿಳಿ ಧೂಳು ಹಾಗೇ ಇತ್ತು. ನಮಾಜಿಗೆ ಹೋದವನು ಕಾಲು ತೊಳೆಯದೆ ಬರುವುದಿಲ್ಲ. ಇದು ನಮ್ಮಲ್ಲಿ ಐದು ವರ್ಷದ ಕೂಸಿಗೂ ಗೊತ್ತು.

ಆತ ಟ್ರಂಕನ್ನು ನನಗೆ ಒಪ್ಪಿಸಲಿಲ್ಲ. ಅದನ್ನು ಹೆಗಲಿಗೇರಿಸಿಕೊಂಡೇ ಮಸೀದಿಗೆ ನಡೆದ. ನಾರಾಯಣಖೇಡದ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯಿದ್ದರೂ ಹಿಂದೆ ಹೋಗಿ ನಿಂತುಕೊಂಡ. ಇಡೀ ದಾರಿ ನನ್ನ ಬೆನ್ನು ಬೆವರುತ್ತಿತ್ತು. ಒಬ್ಬ ಅಪರಿಚಿತನಿಗೆ ಮಾಡಿದ ಮೋಸ ಇಷ್ಟು ಚುಚ್ಚುತ್ತಿದ್ದರೆ ಊರಿನ ಪಂಕ್ತಿಗೆಲ್ಲ ಮಾಡಿ ಹೇಗೆ ಬದುಕುವುದು ಎಂದು ಲೆಕ್ಕ ಹಾಕುತ್ತ ಕೂತೆ.

ನಾರಾಯಣಖೇಡ ಮುಟ್ಟುವಾಗ ಸಂಜೆ. ಕಂಗ್ಟಿಯ ಬಸ್ಸು ತಪ್ಪಿತ್ತು. ಸ್ಟಾಂಡಿನ ಎದುರಿನ ಖಾನಾವಳಿಯಲ್ಲಿ ಎರಡು ರೂಪಾಯಿಗೆ ಊಟ, ಮೇಲೆ ಅಟ್ಟದಲ್ಲಿ ಮಲಗಲು ಜಾಗ. ಶನಿವಾರ ಬೆಳಿಗ್ಗೆ ವಿಪರೀತ ಚಳಿ. ಹತ್ತು ಗಂಟೆಗೆ ಕಂಗ್ಟಿಯಲ್ಲಿ ಇಳಿದು ಮೂರು ಮೈಲಿ ನಡೆದೆ. ಎರಡೂ ಕಡೆ ಬಿಳಿಜೋಳ ತೆನೆಗಟ್ಟಿ ನಿಂತಿತ್ತು.

ಅಬ್ಬಾ ಕಟ್ಟೆಯ ಮೇಲೆ ಬಿಸಿಲಿಗೆ ಕೂತಿದ್ದ. ಬಲಗೈ ತೊಡೆಯ ಮೇಲೆ ಬೇರೆಯವರದೇನೋ ಎಂಬಂತೆ ಬಿದ್ದಿತ್ತು. ಮಾತು ಮಾತ್ರ ಸ್ವಚ್ಛವಾಗಿತ್ತು. ತೋಳಿನ ನಾಣ್ಯ ಬಿಚ್ಚಿ ಕೊಡೆಂದು ಎಡಗೈ ಚಾಚಿದ, ಓಣಿಯ ಕುರುಡಿಗೆ ತಾನೇ ಕೊಟ್ಟು ಬಂದ. ಶಾಲು ಹೊದಿಸಿದೆ. ಮಧ್ಯಾಹ್ನವೆಲ್ಲ ಸಾಣೆಕಲ್ಲನ್ನು ನನ್ನ ಮುಂದಿಟ್ಟು ಚೂರಿ ಮಸೆಸಿದ. ಉಗುರಿನ ಮೇಲೆ ಅಲಗು ಇಟ್ಟು ನೋಡುವುದು, ಕುರಿಗೆ ಚೂರಿ ತೋರಿಸದಿರುವುದು, ನೀರು ಕುಡಿಸುವುದು, ಎಲ್ಲ ಮತ್ತೊಮ್ಮೆ ಕಲಿಸಿದ. ಅವನ ಮುಖದಲ್ಲಿದ್ದ ಸಂತೋಷ ನೋಡಲಾಗಲಿಲ್ಲ. ಈಗ ಹೇಳುತ್ತೇನೆ, ಈಗ ಹೇಳುತ್ತೇನೆ ಎಂದು ಹತ್ತು ಸಲ ಬಾಯಿ ತೆರೆದೆ. ಹತ್ತು ಸಲವೂ ಚೂರಿಗೆ ಇನ್ನಷ್ಟು ನೀರು ಹಾಕಿದೆ.

ಭಾನುವಾರ ಬೆಳಿಗ್ಗೆ ಮಾಳಪ್ಪನ ಹಟ್ಟಿಯ ಮುಂದೆ ಐವತ್ತು ಜನ ಸೇರಿದ್ದರು. ಮಾಳಪ್ಪ ನಮ್ಮ ಅಬ್ಬಾನ ವಾರಗೆಯವನು, ಊರಿನಲ್ಲೇ ದೊಡ್ಡ ಕುರಿಹಿಂಡು ಅವನದು. ಅರಿಸಿನ ಬಳಿದ ಟಗರನ್ನು ಇಬ್ಬರು ಪಡುವಲ ದಿಕ್ಕಿಗೆ ಮಲಗಿಸಿ ಹಿಡಿದರು. ಅಬ್ಬಾ ನನ್ನ ಕೈಗೆ ಚೂರಿ ಕೊಟ್ಟ. ನಾನು ಮಂಡಿಯೂರಿದೆ. ಕುರಿಯ ಕೊರಳು ಬೆಚ್ಚಗಿತ್ತು, ಬಡಿದುಕೊಳ್ಳುತ್ತಿತ್ತು. ಎರಡು ಮಾತು ಅಂದರೆ ಮುಗಿಯುತ್ತಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ಆಗ ನನ್ನ ಕಣ್ಣು ನನ್ನದೇ ಪಾದಗಳ ಮೇಲೆ ಬಿತ್ತು. ಅಂದು ತೊಳೆದಿದ್ದೆ, ಚೆನ್ನಾಗಿಯೇ ತೊಳೆದಿದ್ದೆ. ಆದರೂ ಆ ಧೂಳು ಕಂಡಿತು.

ಚೂರಿಯನ್ನು ನೆಲಕ್ಕಿಟ್ಟೆ.

“ಅಬ್ಬಾ, ನನ್ನ ಕೈಲೆ ಆಗೂದಿಲ್ಲ.”

“ಅಂಜಿಕಿ ಬಂತೇನು? ಮೊದಲ ಸಲ ಎಲ್ಲಾರಿಗೂ ಬರ್ತದ.”

“ಅಂಜಿಕಿ ಅಲ್ಲ. ನಾ ಹೇಳೂ ಮಾತಿನ ಮ್ಯಾಲ ನನಗ ನಂಬಿಕಿ ಉಳಿದಿಲ್ಲ. ಭಾಳ ದಿನ ಆತು.”

ಕುರಿ ಹಿಡಿದವರು ಹಿಡಿತ ಸಡಿಲಿಸಿದರು, ಟಗರು ಎದ್ದು ನಿಂತು ಮೈ ಕೊಡವಿತು. ಎಲ್ಲರಿಗಿಂತ ಮೊದಲು ಚೇತರಿಸಿಕೊಂಡವನು ಮಾಳಪ್ಪ.

“ಮುಲ್ಲಾಸಾಬ್ರೆ, ಅದಕ್ಯಾಕ ಇಷ್ಟು ಚಿಂತಿ. ಮಾಸ್ತರು ಬಾಯಿಲೆ ಆ ಮಾತು ಅನ್ಲಿ, ಸಾಕು. ನಮಗೇನು ಗೊತ್ತಾಗ್ತದರಿ.”

ಅಬ್ಬಾ ನನ್ನ ಕಡೆ ನೋಡಲಿಲ್ಲ. “ಮಾತು ಯಾರು ಬೇಕಾದವ್ರು ಅಂತಾರ ಮಾಳಪ್ಪ. ಗಿಳಿನೂ ಅಂತದ,” ಎಂದ. ಬಗ್ಗಿ ಎಡಗೈಯಿಂದ ಚೂರಿ ಎತ್ತಿಕೊಂಡ, ಧೋತರದ ಸೆರಗಿಗೆ ಒರೆಸಿದ. “ಕಂಗ್ಟಿಗಿ ಒಬ್ಬರನ್ನ ಸೈಕಲ್ ಮ್ಯಾಲ ಕಳಸು. ಅಲ್ಲಿನ ಮುಲ್ಲಾನ ಕರಕೊಂಡು ಬರ್ಲಿ.”

ಕಂಗ್ಟಿಯ ಮುಲ್ಲಾ ಬರುವಾಗ ಮಧ್ಯಾಹ್ನ ದಾಟಿತ್ತು. ಅಲ್ಲಿಯವರೆಗೆ ಐವತ್ತು ಜನ ಹಸಿದುಕೊಂಡು ಬೇವಿನ ನೆರಳಲ್ಲಿ ಕೂತರು. ಹೆಂಗಸರು ಮಸಾಲೆ ಅರೆದಿಟ್ಟು ಕಾದರು. ಯಾರೂ ನನಗೆ ಒಂದೂ ಕೆಟ್ಟ ಮಾತಾಡಲಿಲ್ಲ, ಒಬ್ಬ ಮುದುಕಿ ನೀರು ಕೂಡ ತಂದುಕೊಟ್ಟಳು. ಬೈದಿದ್ದರೆ ಹಗುರವಾಗುತ್ತಿತ್ತು. ಅಬ್ಬಾ ನಮ್ಮ ಮನೆಯ ಚೂರಿಯನ್ನೇ ಬಂದ ಮುಲ್ಲಾನ ಕೈಗೆ ಕೊಟ್ಟ. ಕೆಲಸ ಮುಗಿಸಿ ಅವನು ಹಿಂದಿರುಗಿಸಲು ಬಂದಾಗ ತೆಗೆದುಕೊಳ್ಳಲಿಲ್ಲ.

“ಇಟ್ಕೋ,” ಎಂದ. “ಇನ್ನ ಮ್ಯಾಲ ಈ ಊರಿಗಿ ನೀನೇ ಬರ್ಬೇಕಾಗ್ತದ.”

ಮಾಳಪ್ಪ ತಲೆ ತಗ್ಗಿಸಿ ನಿಂತಿದ್ದ. ನಾನು ಪಂಕ್ತಿಯ ಕೊನೆಯಲ್ಲಿ ಕೂತು ಉಂಡೆ. ಎದ್ದು ಹೋದರೆ ಅದಕ್ಕೂ ಒಂದು ಅರ್ಥ ಹಚ್ಚುತ್ತಿದ್ದರು. ಮನೆಗೆ ಬಂದ ಮೇಲೆ ಅಬ್ಬಾನೊಂದಿಗೆ ಮಾತಾಡಲು ನೋಡಿದೆ. “ಮೊದ್ಲೇ ಹೇಳಬೇಕಿತ್ತು,” ಎಂದ, ಅಷ್ಟೇ. ಅದು ನಿಜ. ಶನಿವಾರ ಮಧ್ಯಾಹ್ನವೆಲ್ಲ ನನಗೆ ಹೊತ್ತಿತ್ತು, ನಾನು ಅದನ್ನು ಸಾಣೆಕಲ್ಲಿನ ಮೇಲೆ ಕಳೆದಿದ್ದೆ.

ಸೋಮವಾರ ಬೆಳಿಗ್ಗೆ ಹೊರಟೆ. ಶಾಲು ಹೊದ್ದು ಕಟ್ಟೆಯ ಮೇಲೆ ಕೂತಿದ್ದ ಅಬ್ಬಾನ ಮುಂದೆ ಚೀಲ ಹಿಡಿದು ನಿಂತೆ. ಬೇಕೆಂದೇ ನಿಧಾನ ಮಾಡಿದೆ. ಚಪ್ಪಲಿಯ ಬಾರು ಎರಡು ಸಲ ಸರಿಮಾಡಿಕೊಂಡೆ. ಅಬ್ಬಾನ ಎಡಗೈ ಒಮ್ಮೆ ಅಂಗಿಯ ಜೇಬಿನವರೆಗೆ ಹೋಯಿತು, ಅಲ್ಲಿಂದ ಬಿದ್ದುಹೋದ ಬಲಗೈಯ ಮೇಲೆ ಬಂದು ನಿಂತಿತು.

“ಹೊತ್ತಾತು, ಬಸ್ಸು ತಪ್ಪತದ,” ಎಂದ.

ಆ ಊರಿನಿಂದ ಬರಿಯ ತೋಳಿನಲ್ಲಿ ಹೊರಟದ್ದು ಅದೇ ಮೊದಲು. ನಾರಾಯಣಖೇಡದಿಂದ ಜಹೀರಾಬಾದಿನ ದಾರಿಯಲ್ಲಿ ಬಸ್ಸು ಒಮ್ಮೆ ಎಮ್ಮೆಗಳನ್ನು ತಪ್ಪಿಸಲು ಹೋಗಿ ರಸ್ತೆಯ ಅಂಚಿಗೆ ವಾಲಿತು. ನನ್ನ ಕೈ ತಾನಾಗಿ ಬಲತೋಳಿಗೆ ಹೋಯಿತು. ನಾಚಿಕೆಯಾಗಿ ತೆಗೆದೆ. ಮುಂದಿನ ತಿರುವಿನಲ್ಲಿ ಮತ್ತೆ ಹೋಯಿತು. ದೇವರನ್ನು ಬಿಟ್ಟು ಆರು ವರ್ಷವಾದವನಿಗೆ ನಾಲ್ಕಾಣೆಯ ನಾಣ್ಯವಿಲ್ಲದೆ ಭಯವಾಗುತ್ತಿತ್ತು. ಇದನ್ನು ಬರೆಯದೆ ಬಿಡಬಹುದಿತ್ತು, ಆದರೆ ಈ ಪ್ರಯಾಣದಲ್ಲಿ ಮುಚ್ಚಿಟ್ಟದ್ದು ಸಾಕಾಗಿತ್ತು.

ತಾಂಡೂರು ತಲುಪಿದಾಗ ಸಂಜೆಯ ಗಾಡಿಗೆ ಒಂದು ತಾಸು ಇತ್ತು. ಹುಸೇನಬೀ ಬಾಗಿಲು ತೆಗೆದು ನನ್ನ ಮುಖ ನೋಡಲಿಲ್ಲ, ತೋಳು ನೋಡಿದಳು.

“ಹೇಳಿಬಿಟ್ಟಿ.”

“ಹೌದು.”

ಅವಳು ಹೊಸ್ತಿಲ ಮೇಲೆ ಕೂತಳು. ಅಳುತ್ತಾಳೆಂದುಕೊಂಡೆ, ಅಳಲಿಲ್ಲ. ಸ್ವಲ್ಪ ಹೊತ್ತಿಗೆ ಎದ್ದು ಒಳಗೆ ಹೋಗಿ ಹಸಿರು ಬಟ್ಟೆಯ ಚೂರು, ನಾಲ್ಕಾಣೆ ತಂದಳು. ನನ್ನ ತೋಳಿನ ಹತ್ತಿರ ಬಂದು ಅವಳ ಕೈ ನಿಂತಿತು.

“ಕಟ್ಟಲೇನು?” ಎಂದಳು.

ಇಷ್ಟು ವರ್ಷ ಯಾರೂ ಹಾಗೆ ಕೇಳಿರಲಿಲ್ಲ. ಕೇಳದೆಯೇ ಕಟ್ಟುತ್ತಿದ್ದರು, ಕೇಳದೆಯೇ ನಾನು ಚಾಚುತ್ತಿದ್ದೆ. ಈಗ ಉತ್ತರ ಹೇಳಬೇಕಾಗಿತ್ತು.

“ಬ್ಯಾಡ ಅಕ್ಕಾ,” ಎಂದೆ.

ಅವಳು ತಲೆಯಾಡಿಸಿ ನಾಣ್ಯವನ್ನು ಬಟ್ಟೆಯಲ್ಲಿ ಸುತ್ತಿ ತನ್ನ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಗಾಡಿ ಸರಿಯಾದ ಹೊತ್ತಿಗೆ ಬಂತು, ಕಿಟಕಿಯ ಪಕ್ಕ ಜಾಗವೂ ಸಿಕ್ಕಿತು. ವಾಡಿ ಬರುವವರೆಗೆ ನನ್ನ ಎಡಗೈ ಬಲತೋಳಿನ ಮೇಲೇ ಇತ್ತು.