ನಿಂತಂತೆ ಕಂಡ ಗಾಲಿ

ಆಗ ನನಗೆ ನಲವತ್ತೆಂಟು ವರ್ಷ. ಅದಾಗಿ ಹದಿನಾರು ವರ್ಷ ಆಯಿತು. ಕೊಳ್ಳೇಗಾಲದಲ್ಲಿ ರೇಷ್ಮೆ ನೂಲಿಗೆ ಹುರಿ ಹಾಕುವ ಒಂದು ಮಿಷನ್ ಮನೆಗೆ ಮಧುವನಹಳ್ಳಿಯಿಂದ ದಿನಾ ನಡೆದು ಹೋಗುತ್ತಿದ್ದೆ. ಗಾಳಿಗೆ ಎಳೆ ಕಡಿಯುತ್ತದೆ ಎಂದು ಕಿಟಕಿ ಮುಚ್ಚಿ, ಹಗಲಲ್ಲೂ ಬಲ್ಬ್ ಹಾಕಿಕೊಂಡೇ ಕೆಲಸ.

ಆ ವರ್ಷ ಸಾವ್ಕಾರರು ಬಲ್ಬುಗಳನ್ನೆಲ್ಲ ಕಿತ್ತು ಟ್ಯೂಬ್‌ಲೈಟ್ ಹಾಕಿಸಿದರು. ಕರೆಂಟು ಕಡಿಮೆ ಎಳೆಯುತ್ತದೆ, ಬೆಳಕು ಜಾಸ್ತಿ ಎಂದರು. ಸುಳ್ಳಲ್ಲ. ಕಡಿದ ಎಳೆ ಬೇಗ ಕಾಣುತ್ತಿತ್ತು, ಬಲ್ಬಿನ ಸೆಕೆಯೂ ತಪ್ಪಿತು. ಆದರೆ ಸಂಜೆ ಹೊತ್ತಿಗೆ ಕಣ್ಣು ಉರಿದು ತಲೆ ಸಿಡಿಯುತ್ತಿತ್ತು. ಹೇಳಿದರೆ, ಅಭ್ಯಾಸವಾಗುತ್ತದೆ ಹೋಗು ಎಂದರು.

ಮೋಟಾರಿನ ಗಾಲಿಗೆ ಸುತ್ತಿಕೊಂಡ ಸಿಕ್ಕು ನೂಲು ಬಿಡಿಸುವುದು ನನ್ನ ಪಾಲಿನ ಕೆಲಸ. ಊಟದ ಹೊತ್ತಿಗೆ ನಮ್ಮ ಸಾಲಿನ ಮೋಟಾರ್ ನಿಲ್ಲಿಸುತ್ತಿದ್ದರು, ಪಕ್ಕದ ಸಾಲು ಓಡುತ್ತಲೇ ಇರುತ್ತಿತ್ತು. ಆ ಸದ್ದಿನಲ್ಲಿ ಕಿವಿಗೆ ಏನೂ ಗೊತ್ತಾಗದು. ಕಣ್ಣಲ್ಲಿ ನೋಡಿ ಕೈ ಹಾಕುವುದೇ ನಮ್ಮ ರೂಢಿ. ಬಲ್ಬಿನ ಬೆಳಕಲ್ಲಿ ಓಡುವ ಗಾಲಿ ಮಂಜಿನ ಹಾಗೆ ಕಾಣುತ್ತಿತ್ತು, ನಿಂತರೆ ಅದರ ನಾಲ್ಕು ಕಡ್ಡಿಯೂ ಕಾಣುತ್ತಿದ್ದವು.

ಅವತ್ತು ಊಟ ಮುಗಿಸಿ ಬಂದೆ. ನಾಲ್ಕು ಕಡ್ಡಿಯೂ ಕಂಡವು. ಬಗ್ಗಿ ಕೈ ಚಾಚಿದೆ. ಯಾರೋ ತುರುಬು ಹಿಡಿದು ಹಿಂದಕ್ಕೆ ಎಳೆದರು. ನೋಡಿದರೆ ಜೊತೆಗೆ ಕೆಲಸ ಮಾಡುವ ಮಾದಮ್ಮ. ಆಗ ತಾನೇ ಸ್ವಿಚ್ ಹಾಕಿದವಳು ಅವಳೇ.

"ಓಡ್ತಾ ಅದೆ ಕಣಕ್ಕ. ಕೈ ಬ್ಯಾಡ್ವಾ ನಿಂಗೆ?"

ಸಾವ್ಕಾರರು ಬಂದರು. ನಿನಗೆ ಕಣ್ಣು ಕಾಣುವುದಿಲ್ಲ, ನಾಳೆಯಿಂದ ಮನೆಯಲ್ಲೇ ಇರು ಎಂದರು. ನಮ್ಮ ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ.

"ನೀವೇ ಬಗ್ಗಿ ನೋಡಿ ಸಾವ್ಕಾರ್ರೆ. ಓಡ್ತಾ ಅದೋ, ನಿಂತದೋ, ನೀವೇ ಹೇಳಿ," ಎಂದೆ.

ನೋಡಿದರು. "ನಿಂತೇ ಅದಲ್ಲ. ಯಾರೋ ಆಫ್ ಮಾಡವ್ರೆ."

ಕೆಳಗೆ ಬಿದ್ದಿದ್ದ ಸಿಕ್ಕು ನೂಲನ್ನು ಎತ್ತಿ ಗಾಲಿಯ ಮೇಲೆ ಎಸೆದೆ. ಸರಕ್ಕನೆ ಎಳೆದುಕೊಂಡು ಚಿಂದಿ ಮಾಡಿತು.

ಸಾವ್ಕಾರರು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡರು. ಬಲ್ಬ್ ಇದ್ದಾಗ ಹೀಗೆ ಕಾಣುತ್ತಿರಲಿಲ್ಲ ಎಂದೆ. ಟ್ಯೂಬ್ ತೆಗೆಸುವುದಿಲ್ಲ, ಬೇಕಾದರೆ ಗಾಲಿಯ ಹತ್ತಿರ ಒಂದು ಬಲ್ಬ್ ಹಾಕಿಕೋ ಎಂದರು. ಕೆಲಸ ಬಿಡು ಎನ್ನುವ ಮಾತು ಮತ್ತೆ ಬರಲಿಲ್ಲ. ಬಲ್ಬನ್ನೂ ತರಿಸಲಿಲ್ಲ. ಟ್ಯೂಬ್ ನಮ್ಮ ಕಣ್ಣಿಗೆ ಗೊತ್ತಾಗದಷ್ಟು ಬೇಗ ಮಿಣುಕುತ್ತದೆ, ಗಾಲಿಯ ಓಟ ಆ ಮಿಣುಕಿಗೆ ಹೊಂದಿಕೊಂಡರೆ ನಿಂತಂತೆ ಕಾಣುತ್ತದೆ ಎಂದು ಆಮೇಲೆ ತಿಳಿಯಿತು.

ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದು ನಮ್ಮವ್ವ ಹೇಳುತ್ತಿದ್ದಳು. ದಣಿದವರಿಗೆ ಗಾದೆ ನೆನಪಾಗುವುದಿಲ್ಲ. ನನ್ನ ಬೆರಳು ಉಳಿದದ್ದು ಗಾದೆಯಿಂದಲ್ಲ, ಮಾದಮ್ಮನಿಂದ.

ಮಾರನೆಯ ಬೆಳಗ್ಗೆ ನಮ್ಮ ಮನೆಗಿದ್ದ ಒಂದೇ ಬಲ್ಬನ್ನು ಬಿಚ್ಚಿ, ಸೆರಗಿನಲ್ಲಿ ಸುತ್ತಿಕೊಂಡು ಕೆಲಸಕ್ಕೆ ಹೋದೆ. ಮಾದಮ್ಮ ಸ್ಟೂಲು ಹಿಡಿದುಕೊಂಡಳು. ಗಾಲಿಯ ಮೇಲಿದ್ದ ಹಳೇ ಹೋಲ್ಡರಿಗೆ ಅದನ್ನು ತಿರುಗಿಸಿ ಹಾಕಿದೆ.