ಉಪ್ಪು ಬಿಟ್ಟ ದಿನಗಳು

ಯಾರ ಮನೆಯಲ್ಲಿ ಲಗ್ನವಾದರೂ ಪತ್ರಿಕೆಗಳ ಮೇಲೆ ಹೆಸರು ಬರೆಯುವ ಕೆಲಸ ನನ್ನ ಗಂಡನದು. ಅವರು ಹೈಸ್ಕೂಲ್ ಮಾಸ್ತರು, ಅಕ್ಷರ ಮುತ್ತಿನಂಥವು. ಮಾನ್ವಿಯಿಂದ ಬಳಗದವರು ಪತ್ರಿಕೆಯ ಕಟ್ಟನ್ನು ರಾಯಚೂರಿನ ನಮ್ಮ ಮನೆಗೇ ತಂದು ಇಳಿಸುತ್ತಿದ್ದರು. ನಾನೂ ನಾಲ್ಕು ಬರೆಯಲು ಕೂತರೆ, “ನಿನ್ನ ಅಕ್ಷರ ಕಾನ್ವೆಂಟ್ ಹುಡುಗ್ಯಾರು ಪ್ರಾರ್ಥನಾಕ್ಕ ನಿಂತಂಗ ಅದಾವ ನೋಡು. ಒಂದರ ನಗ್ತದೇನು?” ಎಂದು ಕಾಡುತ್ತಿದ್ದರು.

ಆಮೇಲೆ ಬೈಪೋಲಾರ್ ಎಂಬ ಕಾಯಿಲೆ ಮನೆಗೆ ಬಂತು. ಅವರಿಗೆ ಕೆಲವು ವಾರ ನಿದ್ದೆಯಿಲ್ಲದೆ ಒಂದೇ ಸಮ ಮಾತು, ಮತ್ತೆ ಕೆಲವು ವಾರ ಗೋಡೆಯ ಕಡೆ ಮುಖ. ಲಿಥಿಯಂ ಗುಳಿಗೆ ಶುರುವಾದ ಮೇಲೆ ಎರಡೂ ನಿಂತವು, ಅವರು ಮತ್ತೆ ಶಾಲೆಗೆ ಹೋದರು. ಆದರೆ ನನ್ನನ್ನು ಕಾಡುವುದೂ ನಿಂತಿತು. ಉಂಡು, ಕೈ ತೊಳೆದು, ಸುಮ್ಮನೆ ಕೂತುಬಿಡುವರು. ನನಗೆ ಆ ಒಂದು ಕೀಟಲೆ ಮರಳಿ ಬೇಕಿತ್ತು. ದುರಾಸೆಯೆಂದರೆ ಅದೇ.

ಮಾನ್ವಿಯಿಂದ ಬಂದ ಅತ್ತೆ ಅವರನ್ನು ನೋಡಿ, “ಗುಳಿಗಿ ನುಂಗಿ ನುಂಗಿ ನನ್ನ ಮಗ ಕಲ್ಲಾಗ್ಯಾನವ್ವಾ” ಎಂದರು. ದೇವದುರ್ಗದ ಆಚೆ ಒಂದು ಹಳ್ಳಿಯಲ್ಲಿ ಬೇರಿನ ಔಷಧ ಕೊಡುವ ಮುದುಕ ಇದ್ದ. ಮೂವರೂ ಬಸ್ಸು ಹತ್ತಿ ಹೋದೆವು. ಒಳ್ಳೆಯ ಮನುಷ್ಯ. ನಮಗೆ ಮಜ್ಜಿಗೆ ಕೊಡಿಸಿ, ಗಂಡನ ಕೈ ಹಿಡಿದು ಬಹಳ ಹೊತ್ತು ಕೂತ, ಆಮೇಲೆ ಬೇರು ಕಟ್ಟಿಕೊಟ್ಟ.

“ಗುಳಿಗಿ ಬಿಡಿಸಬೇಕೇನ್ರಿ ಯಪ್ಪಾ?” ಎಂದೆ.

“ಅದು ಅದರ ಪಾಡಿಗೆ ಇರ್ಲಿ. ಪಥ್ಯ ಮಾತ್ರ ತಪ್ಪಬಾರದು ಯವ್ವಾ. ಇಪ್ಪತ್ತೊಂದು ದಿನ ಸಪ್ಪಗ ಉಣಬೇಕು. ಒಂದು ಹರಳು ಉಪ್ಪು ಸೈತ ಮುಟ್ಟಬಾರದು. ನಡುವ ಮೈ ಜಾಡಿಸ್ತದ, ಹೆದರಬ್ಯಾಡ್ರಿ.”

ಗುಳಿಗೆ ಬಿಡಿಸುವುದಿಲ್ಲ, ಎರಡನ್ನೂ ಜೊತೆಗೆ ನಡೆಸುತ್ತೇನೆ ಎನ್ನುವುದೇ ನನ್ನ ಜಾಣತನ ಅಂದುಕೊಂಡೆ. ಉಪ್ಪಿನ ಭರಣಿಯನ್ನು ಗೋಡೆಯ ಮೇಲಿನ ಮಾಡಕ್ಕೆ ಏರಿಸಿದೆ. ರೊಟ್ಟಿಗೆ ಸಪ್ಪೆ ಬೇಳೆ, ಸಪ್ಪೆ ಪುಂಡಿಪಲ್ಯ. ಅವರಿಗೆ ಸಪ್ಪೆ ಬಡಿಸಿ ನಾನು ಹೇಗೆ ಉಪ್ಪಿನದು ಉಣ್ಣಲಿ? ನಾನೂ ಬಿಟ್ಟೆ. “ಚಲೋ ಆಗ್ಯದ” ಎಂದು ಅವರು ಪಾಪ ಸುಳ್ಳು ಹೇಳಿ ಉಣ್ಣುತ್ತಿದ್ದರು.

ಆರನೆಯ ದಿನ ಗುಳಿಗೆ ಬರೆಸಿಕೊಂಡು ಬರಲು ನಾನೊಬ್ಬಳೇ ಡಾಕ್ಟರಮ್ಮನ ಹತ್ತಿರ ಹೋದೆ. “ಬ್ಯಾರೆ ಏನರ ಔಷಧ ಮಾಡಾಕತ್ತೀರೇನ್ರಿ?” ಎಂದು ಪ್ರತಿ ಸಲ ಕೇಳುವಂತೆ ಕೇಳಿದರು. ಓದಿದ ಹೆಂಗಸು ಬೇರು ಹುಡುಕಿಕೊಂಡು ಹೋದಳೆಂದು ಹೇಗೆ ಹೇಳುವುದು? “ಇಲ್ರಿ” ಎಂದೆ. ಸುಳ್ಳು ಹೇಳಬಾರದೆಂದು ಕಾನ್ವೆಂಟಿನ ಸಿಸ್ಟರುಗಳು ಹತ್ತು ವರ್ಷ ಕಲಿಸಿದ್ದರು. ಎಷ್ಟು ಸಲೀಸಾಗಿ ಬಂತು!

ಒಂಬತ್ತನೆಯ ದಿನ ಅವರ ಕೈಯಲ್ಲಿ ಚಹಾದ ಕಪ್ಪು-ಬಸಿ ಕಿಣಿಕಿಣಿ ಅಂದಿತು. ಚಪ್ಪಲಿಯ ಉಂಗುಟ ಬೆರಳಿಗೆ ಸಿಗದೆ ಎರಡು ಸಲ ತಪ್ಪಿತು. ಮೈ ಜಾಡಿಸುತ್ತಿದೆ, ಔಷಧ ಹತ್ತಿತು ಎಂದು ಅತ್ತೆ ದೇವರಿಗೆ ದೀಪ ಹಚ್ಚಿದರು. ನಾನೂ ಕೈ ಮುಗಿದೆ. ಹನ್ನೆರಡನೆಯ ದಿನ ವಾಂತಿ, ತೊದಲು ಮಾತು. ಬಾಗಿಲಲ್ಲಿ ನಿಲ್ಲಲಾಗದೆ ಕುಸಿದರು.

ಆಸ್ಪತ್ರೆಯಲ್ಲಿ ರಕ್ತದ ಚೀಟಿ ಓದಿ ಡಾಕ್ಟರಮ್ಮ ನನ್ನ ಕಡೆ ತಿರುಗಿದರು. “ಉಪ್ಪು ಬಿಡಿಸಿದ್ರೇನು?”

ಹೌದೆಂದು ತಲೆ ಹಾಕಿ, ಬೇರಿನ ಸಂಗತಿಯನ್ನೂ ಹೇಳಿದೆ.

“ಉಪ್ಪು ಕಡಿಮಿ ಆದ್ರ ಈ ಗುಳಿಗಿ ಮೈಯಾಗ ಉಳದುಬಿಡ್ತದ್ರಿ, ವಿಷ ಆಗ್ತದ.” ಚೀಟಿ ಮಡಚಿ, ಮೆಲ್ಲಗೆ, “ಹೇಳಿದ್ರ ನಾ ಏನು ಬೈತಿದ್ನೇನು? ಪಥ್ಯದಾಗ ಉಪ್ಪು ಬಿಡಬ್ಯಾಡ್ರಿ ಅಂತಿದ್ದೆ, ಬೇರು ಯಾವುದು ತಂದು ತೋರಸ್ರಿ ಅಂತಿದ್ದೆ.”

ಜೀವ ಉಳಿಯಿತು. ಗುಳಿಗೆ ಬದಲಾಯಿತು. ಕೈಯ ನಡುಕ ಮಾತ್ರ ಪೂರ್ತಿ ಹೋಗಲಿಲ್ಲ. ಶಾಲೆಯಲ್ಲಿ ಹಲಗೆಯ ಮೇಲೆ ಈಗ ಮಕ್ಕಳ ಕೈಲೇ ಬರೆಸುತ್ತಾರಂತೆ. ನನ್ನ ಮೇಲೆ ಒಂದು ಮಾತೂ ಆಡಲಿಲ್ಲ. ಅತ್ತೆ ಈಗ ಬಂದರೆ ಅಡುಗೆಮನೆಗೆ ಕಾಲಿಡುವುದಿಲ್ಲ.

ಕಳೆದ ತಿಂಗಳು ಮಾನ್ವಿಯಿಂದ ಮತ್ತೆ ಪತ್ರಿಕೆಯ ಕಟ್ಟು ಬಂತು. ಅವರು ಅಂಚಿಗೆ ಅರಿಷಿಣ ಹಚ್ಚಿದ ಮೊದಲನೆಯದನ್ನು ಎತ್ತಿಕೊಂಡು, “ಶ್ರೀ” ಬರೆಯಲು ನೋಡಿದರು. ಗೆರೆ ಹರಿದಾಡಿತು. ಪೆನ್ನಿನ ಟೋಪಿ ಹಾಕಲು ಎರಡು ಸಲ ಪ್ರಯತ್ನಿಸಿ, ಹಾಗೇ ನನ್ನ ಕಡೆ ಚಾಚಿದರು.

“ನೀನ ಬರಿ.”

ಪಕ್ಕದಲ್ಲಿ ಕೂತು ಹೆಸರುಗಳನ್ನು ಓದಿ ಹೇಳಿದರು. ಒಂದೊಂದು ಬರೆದಾಗಲೂ ಅವರ ಮುಂದೆ ಹಿಡಿದೆ, ಮೊದಲಿನಂತೆ ಏನಾದರೂ ಅಂದಾರು ಎಂದು.

“ಚಂದ ಅದ,” ಎಂದರು ಪ್ರತಿ ಸಲ. “ಮುಂದಿಂದು ಬರಿ.”