ಆಕಳಿಕೆಯ ಔಷಧ

ಸಾಂಗಲಿ ಬಳಿಯ ಕಸಬೆ ಡಿಗ್ರಜದ ನಮ್ಮ ತವನಪ್ಪ ಕಾಕಾ ಮಹಾ ಹಟಮಾರಿ. ಸಕ್ಕರೆ ಕಾಯಿಲೆಯಿಂದ ಬಲಪಾದಕ್ಕೆ ಹುಣ್ಣಾದಾಗ ಸ್ವಂತ ಹೊಲದ ಅರಿಶಿನ ಮೆತ್ತಿಕೊಂಡು ಕೂತರು. ಡಾಕ್ಟರ ಬಳಿ ಹೋಗಿ ಎಂದವರಿಗೆಲ್ಲ ಬೈಗುಳ. ಹುಣ್ಣು ಮಾಯಲಿಲ್ಲ. ಕೊನೆಗೆ ಮಿರಜಿನ ಡಾಕ್ಟರು ಪಾದವನ್ನೇ ತೆಗೆಯಬೇಕಾದೀತು ಎಂದಾಗ ಕಾಕಾ ಬೆವೆತುಹೋದರು. ಬಸದಿಯ ಮೆಟ್ಟಿಲು ಹತ್ತುವುದು ಹೇಗೆ?

ಆಸ್ಪತ್ರೆಗಳ ಊರಾದ ಮಿರಜಿಗೆ ದಿನಕ್ಕೊಂದು ಹೊಸ ಯಂತ್ರ ಬರುತ್ತಿದ್ದ ಕಾಲ ಅದು. ಅದರಲ್ಲೊಂದು, ಗಾಜಿನ ದೊಡ್ಡ ಕೊಳವೆ. ಒಳಗೆ ಮಲಗಿಸಿ, ಒತ್ತಡ ಏರಿಸಿ ಆಮ್ಲಜನಕ ಕೊಡುತ್ತಾರೆ. ಪಾದಕ್ಕೆ ಉಳಿದ ದಾರಿ ಅದೊಂದೇ. ಆದರೆ ಒತ್ತಡ ಏರುವಾಗ ಕಿವಿ ಕಟ್ಟುತ್ತದೆ. ಗುಟುಕು ನೀರು ನುಂಗಿದರೆ ಬಿಡುತ್ತದೆ. ನೀರೇ ಇಲ್ಲಿ ಫಜೀತಿ. ಜೈನ ವ್ರತ ಹಿಡಿದ ಕಾಕಾ ಕುಡಿಯುವುದು ಮನೆ ಬಾವಿಯಿಂದ ಸೇದಿ ಸೋಸಿದ್ದು ಮಾತ್ರ. ಸೋಸಿ ಒಂದು ಮುಹೂರ್ತ, ಅಂದರೆ ನಲವತ್ತೆಂಟು ನಿಮಿಷ, ಕಳೆದರೆ ಅದೂ ವರ್ಜ್ಯ. ಡಿಗ್ರಜದಿಂದ ಮಿರಜ ಮುಟ್ಟುವಷ್ಟರಲ್ಲಿ ಸಾಂಗಲಿಯ ಟ್ರಾಫಿಕ್ಕು ಆ ಮುಹೂರ್ತವನ್ನು ತಿಂದುಹಾಕುತ್ತಿತ್ತು. ಒಣಗಿದ ಬಾಯಲ್ಲಿ ನುಂಗಲು ಉಗುಳೂ ಇಲ್ಲ. ಕಾಕಾ ಕಿವಿ ಹಿಡಿದು ಕಿರುಚುತ್ತ ಹೊರಬಂದರು.

“ಆಕಳಿಸಿದರೂ ಸಾಕು,” ಎಂದರು ಡಾಕ್ಟರು.

ಬಾ ಅಂದರೆ ಬರುವುದೇ ಆಕಳಿಕೆ? ಆಗ ಕಾಕಾರ ಹೆಂಡತಿ ಛಾಯಾ ಕಾಕುಗೆ ತವರಿನ ಅಣ್ಣ ಧರಣೇಂದ್ರ ನೆನಪಾದರು. ಬಸದಿಯಲ್ಲಿ ಅವರು ಪ್ರವಚನಕ್ಕೆ ಕೂತರೆ ಮೊದಲ ವಾಕ್ಯಕ್ಕೇ ಕಾಕಾ ಆಕಳಿಸುತ್ತಿದ್ದರು.

“ಅಣ್ಣಾ, ನಿಮ್ಮ ಪ್ರವಚನ ಕೇಳಿದ್ರ ಅವರಿಗೆ ಧೈರ್ಯ ಬರ್ತೈತ್ರಿ,” ಎಂದು ಕಾಕು ಬೆಣ್ಣೆ ಹಚ್ಚಿ ಕರೆತಂದರು.

ಧರಣೇಂದ್ರ ಕೊಳವೆಯೊಳಗೆ ಕೇಳಿಸುವ ಹೊರಗಿನ ಫೋನು ಹಿಡಿದು ಕರ್ಮದ ಭೇದ, ಆ ಭೇದಗಳ ಉಪಭೇದ ಸುರು ಮಾಡಿದರು. ಒಳಗೆ ಕಾಕಾ ಕಣ್ಣು ಕಿರಿದು ಮಾಡಿ ದೊಡ್ಡದಾಗಿ ಬಾಯಿ ತೆರೆದರು. ಟಕ್ಕನೆ ಕಿವಿ ಬಿಟ್ಟಿತು. ದಿನಾ ಇದೇ ಕತೆ. ವಾರಗಳು ಕಳೆದಂತೆ ಹುಣ್ಣಿಗೆ ಹೊಸ ಕೆಂಪು ಮಾಂಸ ಬಂತು, ಚರ್ಮ ಕೂಡಿತು, ಪಾದ ಉಳಿಯಿತು.

ಎರಡೂ ಕಾಲೂರಿ ಬಸದಿಗೆ ಬಂದ ದಿನ ಕಾಕಾ ಎಲ್ಲರಿಗಿಂತ ಮುಂದೆ ಕೂತರು. ಪಾದ ಉಳಿಸಿದವನ ಎದುರು ಇವತ್ತಾದರೂ ಆಕಳಿಸಬಾರದೆಂದು ಹಲ್ಲು ಕಚ್ಚಿದರು. ದವಡೆ ನಡುಗಿತು, ಕಣ್ಣಲ್ಲಿ ನೀರಾಡಿತು. ಧರಣೇಂದ್ರ ಪ್ರವಚನ ನಿಲ್ಲಿಸಿ ತಂಗಿಯ ಗಂಡನತ್ತ ತಿರುಗಿದರು.

“ಬಾಯಿ ತಗೀರಿ ದಾಜಿ. ದವಾಖಾನಿಗೆ ನನ್ನ ಯಾಕ ಕರದ್ರಿ ಅಂತ ಮೊದಲನೇ ದಿನಾನ ಗೊತ್ತಾಗಿತ್ತು. ಅದಕ್ಕಂತನ ಭಾಳ ಬ್ಯಾಸರದ ಅಧ್ಯಾಯ ಹುಡುಕಿ ಹುಡುಕಿ ತರತಿದ್ದೆ.”